ಎರಡನೇ ಬದಿಯ ಸಪ್ಪಳ

ಗಾಜಿನ ಬಾಗಿಲಾಚೆ ಬಸ್ಸೊಂದು ನಿಂತಿತು, ಅದರ ನೆರಳು ನನ್ನ ರೆಕಾರ್ಡಿನ ಅಂಗಡಿಯೊಳಗೆ ಬಂದು ರಾಕ್ ಕಪಾಟು, ಸೋಲ್ ಕಪಾಟು, ಜಾಝ್ ಕಪಾಟು ಒಂದೊಂದಾಗಿ ಕಪ್ಪಾದವು, ಬಸ್ಸು ಹೋಯಿತು, ಮತ್ತೆ ಬೆಳಕು ಬಂತು — ಪುಣೆ ಕ್ಯಾಂಪಿನ ಈ ರಸ್ತೆಯಲ್ಲಿ ಇಷ್ಟು ಹಾರ್ನ್ ಬಾರಿಸುತ್ತಾರೆ, ನನಗೆ ಒಂದೂ ಕೇಳಲಿಲ್ಲ, ಕಿವಿಯ ಮೇಲೆ ಹೆಡ್‌ಫೋನ್ ಇದೆ, ಅದರೊಳಗೆ ಮೂವತ್ತೊಂಬತ್ತು ವರ್ಷದ ಹಿಂದಿನ ಒಂದು ಸಂಜೆ ಓಡುತ್ತಿದೆ, ಸ್ಯಾಕ್ಸಫೋನಿನ ಮುದುಕ ಊದುವ ಮೊದಲು ಉಸಿರೆಳೆದುಕೊಳ್ಳುವುದು ಕೇಳುತ್ತದೆ, ಗೋವಾದ ಡ್ರಮ್ಮರ್ ತಂತಿಯ ಕುಂಚದಿಂದ ಚರ್ಮ ಸವರುವುದು ಕೇಳುತ್ತದೆ, ಸಪ್ನಾ ಒಳ್ಳೆ ಕೆಲಸ ಮಾಡಿದ್ದಾಳೆ, ಇಂಥ ಸ್ವಚ್ಛ ಧ್ವನಿ ನನ್ನ ಕ್ಯಾಸೆಟ್ಟಿನೊಳಗೆ ಅಡಗಿತ್ತು ಅಂತ ನನಗೇ ಗೊತ್ತಿರಲಿಲ್ಲ, ಹಾಡು ಮುಗಿಯಿತು, ಚಪ್ಪಾಳೆ ಬಿತ್ತು, ಈಗ ಬರಬೇಕು, ಎಡಗಿವಿಯ ಪಕ್ಕದಲ್ಲೇ, ಎಲ್ಲರ ಚಪ್ಪಾಳೆಯ ಮೇಲೆ ತೇಲಿಕೊಂಡು, ಝಣ ಝಣ ಅಂತ — ಬರಲಿಲ್ಲ. ಹಿಂದೆ ತಿರುಗಿಸಿ ಮತ್ತೆ ಕೇಳಿದೆ. ಬರಲಿಲ್ಲ. ಚಪ್ಪಾಳೆ ಇದೆ, ಉಮಾವತಿಯ ಬಳೆ ಇಲ್ಲ.

ಮೂರು ಗಂಟೆಯೊಳಗ ಹೂಂ ಅನ್ರಿ ದೊಡ್ಡಪ್ಪ, ಮುಂಬೈದವರು ಕಾಯ್ಲಿಕತ್ತಾರ, ಇವತ್ತು ಫೈನಲ್ ಹೋಗಬೇಕು, ಅಂತ ಹನ್ನೊಂದಕ್ಕೆ ಹೇಳಿದ್ದಾಳೆ ಸಪ್ನಾ, ನನ್ನ ತಮ್ಮನ ಮಗಳು, ಹಿಂಜವಾಡಿಯಲ್ಲಿ ಕೂತು ಹಳೆಯ ಧ್ವನಿಗಳನ್ನು ತೊಳೆದು ಒಣಗಿಸುವುದೇ ಅವಳ ನೌಕರಿ, ಈಗ ಒಂದೂವರೆ. ನಾನು ಹೂಂ ಅಂದರೆ ಮುಂಬೈಯ ಕಂಪನಿಯಲ್ಲಿ ಇದು ಎಲ್‌ಪಿ ಆಗುತ್ತದೆ, ಐನೂರು ಪ್ರತಿ, ಆ ಮುದುಕ ಸತ್ತು ಎಷ್ಟೋ ವರ್ಷವಾಯಿತು, ಅವನ ಬೇರೆ ಯಾವ ಕಛೇರಿಯೂ ಟೇಪಿನಲ್ಲಿ ಉಳಿದಿಲ್ಲ, ಅವನ ಮೊಮ್ಮಗಳು ಎಲ್ಲೆಲ್ಲೋ ಹುಡುಕಿ ಪುಣೆಯ ಈ ಅಂಗಡಿಯನ್ನು ಪತ್ತೆ ಹಚ್ಚಿ ಬರೆದಳು, ನನ್ನ ಅಜ್ಜನ ಒಂದು ಸಂಜೆ ನಿಮ್ಮ ಹತ್ತಿರ ಇದೆಯಂತೆ, ಅಂತ. ಇದೆಯಮ್ಮ, ಇದೆ. ನಿನ್ನ ಅಜ್ಜನೂ ಇದ್ದಾನೆ, ನನ್ನ ಹೆಂಡತಿಯೂ ಇದ್ದಾಳೆ — ಇದ್ದಳು, ಇವತ್ತು ಬೆಳಿಗ್ಗೆಯವರೆಗೆ. ಮೂಲ ಕ್ಯಾಸೆಟ್ಟು ಸಪ್ನಾಳ ಮೇಜಿನ ಮೇಲಿದೆ, ಒಂದು ಸಲ ಓಡಿ ಕಂದು ಪುಡಿ ಉದುರಿಸಿತಂತೆ, ಇನ್ನೊಂದು ಸಲ ಓಡಂಗಿಲ್ರಿ ಅಂದಳು. ಮೂರು ಗಂಟೆಗೆ ನಾನು ಹೂಂ ಅಂದರೆ ಲೋಕದ ಪಾಲಿಗೆ ಆ ಸಂಜೆ ಉಮಾವತಿ ಅಲ್ಲಿ ಇರಲೇ ಇಲ್ಲ.

ಅವಳೇನು ಕೇಳದೆ ತೆಗೆದಳೇ, ಇಲ್ಲ, ಕೇಳಿದ್ದಳು, ಹದಿನೈದು ದಿನದ ಹಿಂದೆ, ದೊಡ್ಡಪ್ಪ ಮೈಕಿನ ಬಾಜೂಕ ಯಾರದೋ ಕೈಯಾಗಿನ ಬಳಿ ಸಪ್ಪಳ ಅದ, ಇಡೂದೋ ತೆಗಿಯೂದೋ, ಅಂತ, ಯಾರದೋ ಅಂದಳು, ಆಗ ನಾನು ನಿಮ್ಮ ದೊಡ್ಡವ್ವನದು ಅಂತ ಹೇಳಬೇಕಿತ್ತು, ಹೇಳಿದರೆ ಅದರ ಹಿಂದಿನದನ್ನೂ ಹೇಳಬೇಕಾಗುತ್ತಿತ್ತು, ನಿಂಗ ತಿಳಿದಂಗ ಮಾಡವಾ ಅಂದುಬಿಟ್ಟೆ. ಹೇಡಿ ನಾನು. ಅವಳಿಗೆ ತಿಳಿದದ್ದು ತೆಗೆಯುವುದು, ಅದಕ್ಕೇ ಅವಳಿಗೆ ಪಗಾರ, ತಪ್ಪು ಅವಳದಲ್ಲ. ನಾನೇ ಕೈಯಾರೆ ಒಂದು ಚೀಟಿ ಬರೆದುಕೊಟ್ಟಿದ್ದೆ, ಒಂದು, ಫ್ಯಾನಿನ ಗುಂಯ್ ತೆಗೆಯುವುದು, ಎರಡು, ಎರಡನೇ ಬದಿಯಲ್ಲಿ ಉದ್ದಕ್ಕೂ ಟಿಕ್ ಟಿಕ್ ಅಂತ ಮಶೀನಿನ ದೋಷ ಇದೆ, ಅದನ್ನು ತಪ್ಪದೆ ತೆಗೆಯುವುದು, ತಪ್ಪದೆ ಎಂಬುದರ ಕೆಳಗೆ ಗೆರೆ ಬೇರೆ. ಆ ಟಿಕ್ ನನ್ನ ಪ್ರಾಣ ತಿಂದಿತ್ತು, ಬಾಡಿಗೆ ತಂದ ರೆಕಾರ್ಡರಲ್ಲ, ನನ್ನ ಸ್ವಂತದ್ದು, ಹೊಚ್ಚ ಹೊಸದು, ಮೊದಲನೇ ಬದಿಯಲ್ಲಿ ಇಲ್ಲದ ಸಪ್ಪಳ ಎರಡನೇ ಬದಿಗೆ ಎಲ್ಲಿಂದ ಬರಬೇಕು, ರಿಪೇರಿಯ ದತ್ತು ಹತ್ತಿರ ಮೂರು ಸಲ ಒಯ್ದೆ, ಮೂರು ಸಲವೂ ಬಿಚ್ಚಿ ಎಣ್ಣೆ ಬಿಟ್ಟು ಜೋಡಿಸಿ, ಮಶೀನ್ ಠೀಕ್ ಆಹೇ ಶೇಠ್, ಅಂದ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಿನಗ ಕೆಲಸ ಬರಂಗಿಲ್ಲ ಅಂತ ಹೇಳು ಅಂತ ನಾಲ್ಕು ಜನರೆದುರು ಬೈದಿದ್ದೆ ಅವನಿಗೆ.

ಇಂಡಿ ಊರಿನ ಜೋಳದ ವ್ಯಾಪಾರದ ಮನೆಯವನು ನಾನು, ನಮ್ಮಪ್ಪ ಮೂಟೆಗೆ ಕೊಕ್ಕೆ ಚುಚ್ಚಿ ಕಾಳು ತೆಗೆದು ಅಂಗೈಯಲ್ಲಿ ಊದಿ ನೋಡುತ್ತಿದ್ದ, ಹೊಟ್ಟು ಹಾರಬೇಕು, ಕಾಳು ಉಳಿಯಬೇಕು, ಮಗ ಶಿವಪ್ರಕಾಶ ಇಂಗ್ಲಿಷ್ ಹಾಡಿನ ಅಂಗಡಿ ಇಟ್ಟರೂ ಆ ಊದುವ ಚಟ ಬಿಡಲಿಲ್ಲ, ರೆಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು ಗೀರು ಹುಡುಕುವುದು, ಮೆತ್ತನೆ ಬಟ್ಟೆಯಿಂದ ದುಂಡಗೆ ಒರೆಸುವುದು, ಕೂದಲೆಳೆಯಷ್ಟು ಕರಕರ ಕೇಳಿದರೂ ಮುಖ ಗಂಟಿಕ್ಕುವುದು. ಆದರೆ ಗಿರಾಕಿಗಳ ಮುಂದೆ ನನ್ನ ಮಾತು ಕೇಳಬೇಕಿತ್ತು — ಆ ಜಾಝ್ ಕ್ಲಬ್ಬಿನ ರೆಕಾರ್ಡು ಹಾಕಿ, ಪಿಯಾನೋದ ಹಿಂದೆ ಯಾರೋ ಗ್ಲಾಸು ಇಟ್ಟ ಸಪ್ಪಳ ಬಂದಾಗ ಬೆರಳೆತ್ತಿ, ಕೇಳಿದ್ರೇನ್ರಿ, ಆ ಗ್ಲಾಸು ಕೇಳಿದ್ರೇನ್ರಿ, ಸ್ಟುಡಿಯೋದಾಗ ಇದು ಸಿಗಂಗಿಲ್ಲ, ಇದ ನೋಡ್ರಿ ಲೈವ್ ರೆಕಾರ್ಡಿಂಗಿನ ಜೀವ — ಸೋಲ್ ಹಾಡುಗಾರ ಒಂದು ಸಾಲು ಬಿಟ್ಟಾಗ ಸಭೆಯ ಹೆಂಗಸರು ಹೌದು ಹೌದು ಅಂತ ಕೂಗುವುದು, ರಾಕ್ ಕಛೇರಿಯಲ್ಲಿ ಗಿಟಾರು ಶುರುವಾಗುವ ಮುನ್ನ ಹತ್ತು ಸಾವಿರ ಜನರಲ್ಲಿ ಒಬ್ಬನೇ ಒಬ್ಬ ಹಾಕುವ ಸೀಟಿ, ಆಫ್ರಿಕದ ತಂತಿವಾದ್ಯದ ಆ ರೆಕಾರ್ಡಿನಲ್ಲಿ ಅಂಗಳದ ಕೋಳಿ ಕೂಗುವುದು, ಎಲ್ಲವನ್ನೂ ಒಂದೊಂದಾಗಿ ಎತ್ತಿ ತೋರಿಸಿ ಮಾರಿದೆ, ಹೊರದೇಶದ ಗ್ಲಾಸು ಜೀವ, ಹೊರದೇಶದ ಕೋಳಿ ಜೀವ, ಮನೆಯವಳ ಬಳೆ ಮಾತ್ರ ಹೊಟ್ಟು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಆ ಸಂಜೆ ಕಛೇರಿಯ ಹಾಲಿನಲ್ಲಿ ಕಬ್ಬಿಣದ ಮಡಚುವ ಕುರ್ಚಿಗಳು, ಎರಡನೇ ಸಾಲು, ನನ್ನ ಎಡಕ್ಕೆ ಉಮಾವತಿ, ನಮ್ಮಿಬ್ಬರ ನಡುವೆ ಅವಳದೇ ಕೈಚೀಲ, ಚೀಲದೊಳಗೆ ರೆಕಾರ್ಡರು, ಕರವಸ್ತ್ರದಲ್ಲಿ ಸುತ್ತಿದ ಸ್ಟೀರಿಯೋ ಮೈಕು ಚೀಲದ ಬಾಯಿಗೆ, ಅವಳಿಗೆ ಏಳು ತಿಂಗಳು, ಹಿಂದಿನ ವಾರವೇ ತವರಿನವರು ಬಂದು ಕುಬಸ, ಅಂದರೆ ಸೀಮಂತ, ಮಾಡಿ ಹೋಗಿದ್ದರು, ಹಸಿರು ಸೀರೆ, ಎರಡೂ ಕೈಗೆ ಹಸಿರು ಗಾಜಿನ ಬಳೆ, ಡಜನ್‌ಗಟ್ಟಲೆ, ಮೊಣಕೈಯ ಹತ್ತಿರದವರೆಗೆ. ಕೂತ ಕೂಡಲೇ ಕುರ್ಚಿಯ ಕೆಳಗೆ ಚಪ್ಪಲಿ ಕಳಚಿದಳು, ಏ, ಹಾಕ್ಕೋ, ಮಂದಿ ನೋಡ್ತಾರ ಅಂದೆ, ಹಾಡಿನ ಮುಂದ ಚಪ್ಪಲಿ ಹಾಕ್ಕೊಂಡು ಕೂಡೂದೇನ್ರಿ, ಅಂದಳು. ಮಠದ ಭಜನೆಯ ಮನೆಯವಳು, ಅವಳಪ್ಪ ಹಾರ್ಮೋನಿಯಂ ಬಾರಿಸುತ್ತಿದ್ದ, ಒಂದು ಕೈ ಸ್ವರದ ಮನೆಗಳ ಮೇಲೆ, ಒಂದು ಕೈ ಗಾಳಿಯ ತಿದಿಗೆ, ಕೈ ಎರಡೂ ಅಲ್ಲೇ ಸಿಕ್ಕಿಬಿದ್ದಾಗ ತಾಳ ಕಾಲಿಗೆ ಇಳೀತದ ನೋಡ್ರಿ, ಅಂತ ನಗುತ್ತಿದ್ದಳು. ಇಂಗ್ಲಿಷ್ ಒಂದಕ್ಷರ ಬಾರದು, ಮದುವೆಯಾಗಿ ಬಂದ ಮೊದಲ ವರ್ಷ ಒಂದು ಸೋಲ್ ರೆಕಾರ್ಡು ಹಾಕಿದ್ದೆ, ಒಗೆದ ಬಟ್ಟೆ ಹಿಡಿದುಕೊಂಡೇ ನಿಂತು ಪೂರ್ತಿ ಕೇಳಿದಳು, ಇಂವಗ ಯಾರೋ ಭಾಳ ಬೇಕಾದವರು ಬಿಟ್ಟು ಹೋಗ್ಯಾರ ಅನಸ್ತದ, ಅಂದಳು, ಸರಿಯಾಗಿತ್ತು, ಅದೇ ಹಾಡು ಅದು. ನನಗೆ ಹೆಮ್ಮೆಯಾಗಬೇಕಿತ್ತು, ಆಯಿತು ಕೂಡ, ಬಾಯಿಬಿಟ್ಟು ಹೇಳಲಿಲ್ಲ.

ಮೊದಲರ್ಧ ಅವಳು ತೊಡೆಯ ಮೇಲೆ ಕೈ ಬಡಿದು ತಾಳ ಹಾಕಿದಳು, ಹಾಡು ಮುಗಿದಾಗಲೆಲ್ಲ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ, ಒಳಗ ಅದೂ ಒದಿಲಿಕತ್ತದ್ರಿ ಅಂತ ನನ್ನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು, ನನ್ನ ಲಕ್ಷ್ಯವೆಲ್ಲ ಚೀಲದ ಮೇಲೆ, ರೆಕಾರ್ಡರಿನ ಸದ್ದು ಅಳೆಯುವ ಸೂಜಿ ಅವಳ ಒಂದೊಂದು ಬಳೆಗೂ ಎಗರೆಗರಿ ಕೆಂಪಿಗೆ ಬೀಳುತ್ತಿತ್ತು, ಇಂಥ ವಾದ್ಯಗಾರ ಜನ್ಮದಲ್ಲಿ ಒಮ್ಮೆ ಪುಣೆಗೆ ಬರುತ್ತಾನೆ, ಒಮ್ಮೆ ಮಾತ್ರ. ನಡುವೆ ಬಿಡುವು ಕೊಟ್ಟರು, ಕ್ಯಾಸೆಟ್ಟು ತಿರುವಿ ಹಾಕಿದೆ, ಹಾಕುತ್ತ ಹಾಕುತ್ತ ಅಂದೆ, ಆ ಬಳಿ ತೆಗೀ. ನಾನು ಚೇಷ್ಟೆ ಮಾಡುತ್ತಿದ್ದೇನೆ ಅಂದುಕೊಂಡಳು. ತೆಗೀ ಅಂದ್ನೆಲ್ಲ, ಎಲ್ಲಾ ರೆಕಾರ್ಡಿಂಗ್ ಕೆಡ್ಸಿಬಿಟ್ಟಿ, ಹಳ್ಯಾಗಿನ ಭಜನಿಗೆ ಬಂದಿಯೇನ ಇಲ್ಲೆ. ಕುಬಸದ ಬಳಿ ರೀ, ಹೆರಿಗಿ ಆಗೂತನಕ ತೆಗಿಯೂಹಂಗಿಲ್ಲ, ಅಂದಳು, ಮೆಲ್ಲಗೆ. ಹಂಗಾರ ಸುಮ್ಮ ಕೂಡು. ಮುಂದಿನ ಸಾಲಿನ ಪಾರ್ಸಿ ಮುದುಕಿ ತಿರುಗಿ ನೋಡಿದಳು, ಕನ್ನಡ ತಿಳಿಯದಿದ್ದರೂ ದನಿ ತಿಳಿಯುತ್ತದಲ್ಲ. ಬೆಳಕು ಆರಿಸಿದರು. ಉಮಾವತಿ ಎಡಗೈಯಿಂದ ಬಲಗೈಯ ಬಳೆಗಳನ್ನು ಬಿಗಿಯಾಗಿ ಹಿಡಿದುಕೊಂಡಳು, ಎಡಗೈಯ ಬಳೆಗಳನ್ನು ಹೊಟ್ಟೆಗೆ ಒತ್ತಿಕೊಂಡಳು, ಹಾಗೆಯೇ ಕೂತಳು, ಬೆರಳ ಸಂದಿಯಲ್ಲಿ ಹಸಿರು, ಒಂದೂ ಅಲುಗಲಿಲ್ಲ, ನಲವತ್ತು ನಿಮಿಷ.

ಕಣ್ಣು ಮುಚ್ಚಿದರೆ ಆ ಕೈ. ಕಛೇರಿ ಮುಗಿದಾಗ ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು, ಅವಳು ಎದ್ದಳು, ಕೈ ಬಿಡಲಿಲ್ಲ, ಆಟೋದಲ್ಲೂ ಬಿಡಲಿಲ್ಲ, ಸಿಟ್ಟು ಅಂದುಕೊಂಡೆ, ಹೆಂಗಸರ ಸಿಟ್ಟು ಎರಡು ದಿನದಲ್ಲಿ ಇಳಿಯುತ್ತದೆ ಅಂದುಕೊಂಡೆ, ಇಳಿಯಿತೋ ಇಲ್ಲವೋ ಕೇಳಲಿಲ್ಲ, ಎರಡು ತಿಂಗಳಿಗೆ ಮಗು ಹುಟ್ಟಿತು, ಹೆಣ್ಣು, ಹನ್ನೊಂದು ದಿನ ಇತ್ತು. ಹೆಸರಿಡುವ ದಿನವೂ ಬರಲಿಲ್ಲ. ಆಮೇಲೆ ಉಮಾವತಿ ಕಛೇರಿಗೆ ಬರಲಿಲ್ಲ, ನಾನು ಬಾ ಅನ್ನಲೂ ಇಲ್ಲ, ಕಾಲೇಜಿನ ಬಯಲುಗಳಿಗೆ, ಹೋಟೆಲಿನ ಹುಲ್ಲುಹಾಸುಗಳಿಗೆ ಚೀಲ ಹೊತ್ತುಕೊಂಡು ಒಬ್ಬನೇ ಅಲೆದೆ, ನಾನು ಇಳಿಸಿದ ಟೇಪುಗಳು ಮಾಳಿಗೆಯ ತುಂಬ ಇವೆ, ಲೋಕದ ಧ್ವನಿಯನ್ನೆಲ್ಲ ಹಿಡಿದಿಟ್ಟೆ, ಮನೆಯಲ್ಲಿ ದಿನಾ ಊಟಕ್ಕೆ ಬರ್ರಿ ಅನ್ನುತ್ತಿದ್ದ ಒಂದು ಧ್ವನಿಯನ್ನು ಹಿಡಿಯಬೇಕು ಅಂತ ಯಾವತ್ತೂ ಅನ್ನಿಸಲಿಲ್ಲ, ಅದು ದಿನಾ ಇತ್ತಲ್ಲ. ಹೋದ ವರ್ಷದ ಹಿಂದಿನ ಶ್ರಾವಣದಲ್ಲಿ ಹೋದಳು, ಜ್ವರ ಅಂತ ಆಸ್ಪತ್ರೆಗೆ ಸೇರಿದವಳು ನಾಲ್ಕೇ ದಿನ, ಮೂರನೇ ದಿನ ಮಾಸ್ಕಿನೊಳಗಿಂದ ಏನೋ ಅಂದಳು, ಅಷ್ಟು ಸೂಕ್ಷ್ಮ ಕಿವಿಯ ನನಗೆ ಕೇಳಲಿಲ್ಲ, ಏನಂದಿ ಅಂತ ಬಗ್ಗಿದೆ, ಏನಿಲ್ಲ ಅಂತ ಕೈ ಆಡಿಸಿದಳು. ಮನೆಯೆಲ್ಲ ಹುಡುಕಿದೆ ಆಮೇಲೆ, ಫೋನಿನಲ್ಲಿ ಮದುವೆಯ ವಿಡಿಯೋಗಳಿವೆ, ಎಲ್ಲದರಲ್ಲೂ ಅವಳು ಹಿಂದೆ ಯಾರಿಗೋ ಬಡಿಸುತ್ತಿದ್ದಾಳೆ, ಬಾಜಾದ ಗದ್ದಲ ಮುಂದೆ, ಅವಳ ಮಾತು ಒಂದೂ ಇಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಉಳಿದದ್ದು ಆ ಕ್ಯಾಸೆಟ್ಟಿನ ಮೊದಲನೇ ಬದಿಯ ಬಳೆ ಮಾತ್ರ, ಅದರಲ್ಲಿ ನಾವು ಮೂವರೂ ಇದ್ದೆವು.

ಒಂದೂಮುಕ್ಕಾಲು. ಫೋನು ನಡುಗುತ್ತಿದೆ, ಸಪ್ನಾ, ಹೆಡ್‌ಫೋನ್ ತೆಗೆದೆ, ರಸ್ತೆಯ ಹಾರ್ನು ಒಮ್ಮೆಲೇ ಮೈಮೇಲೆ ಬಿತ್ತು, ಕೇಳಿದ್ರೇನು ದೊಡ್ಡಪ್ಪ, ಹೆಂಗದ, ಕ್ಲೀನ್ ಅದ ಅಲಾ, ಅಂದಳು, ಆಫೀಸಿನ ಗಲಾಟೆ ಹಿಂದೆ. ಭಾಳ ಕ್ಲೀನ್ ಅದವಾ, ಅಂದೆ, ಆ ಬಳಿ ತಿರುಗಿ ಹಾಕಲಿಕ್ಕ ಬರ್ತದೇನು, ಅಂದೆ. ಬಳಿ? ಯಾಕ್ರಿ? ಅದು ನಿಮ್ಮ ದೊಡ್ಡವ್ವನದು. ಅಯ್ಯ ದೊಡ್ಡಪ್ಪ, ಮೊದಲ ಯಾಕ ಹೇಳಲಿಲ್ರಿ ನೀವು, ಅವಳ ದನಿ ಒದ್ದೆಯಾಯಿತು, ಸಣ್ಣವಳಿದ್ದಾಗ ಶಾಲೆಯ ಸೂಟಿಗೆ ಬಂದು ಉಮಾವತಿಯ ಮಗ್ಗುಲಲ್ಲೇ ಮಲಗುತ್ತಿದ್ದ ಹುಡುಗಿ. ಹೇಳಿದೆ, ಎಲ್ಲ ಹೇಳಿದೆ, ಕುಬಸ, ಬಿಡುವು, ನಾನು ಅಂದದ್ದು, ಆ ಕೈ, ಅರವತ್ತೇಳು ವರ್ಷದ ನಾನು ತಮ್ಮನ ಮಗಳ ಮುಂದೆ ಹೇಳಿದೆ, ಎರಡನೇ ಬದಿಯಾಗ ಅಕಿ ಇಲ್ಲವಾ, ನಾನಽ ಸುಮ್ಮ ಕೂಡ್ಸೀನಿ, ಮೊದಲನೇ ಬದಿಯಾಗರೆ ಇರಲಿ, ಅಂದೆ. ಹಾಕ್ತೀನ್ರಿ, ಎಲ್ಲಾ ತಿರುಗಿ ಹಾಕ್ತೀನಿ, ತೆಗೆದದ್ದು ಏನೂ ಒಗದಿರಂಗಿಲ್ಲ ನಾವು, ಬೇರೆ ಫೈಲಿನಾಗ ಇಟ್ಟಿರ್ತೀವಿ, ಅಂದಳು, ನಾನು ಫೋನು ಇಡಬೇಕು ಅನ್ನುವಷ್ಟರಲ್ಲಿ, ದೊಡ್ಡಪ್ಪ, ಆ ಟಿಕ್ ಮಶೀನಿಂದಲ್ರಿ, ಅಂದಳು.

ಏನು? ಮಶೀನಿನ ದೋಷ ಇದ್ರ ಒಂದಽ ಅಳತಿಗೆ ಬರಬೇಕ್ರಿ, ಹಾಡು ಇರಲಿ ಬಿಡಲಿ, ಇದು ಹಾಡು ನಿಂತ್ರ ನಿಂದರ್ತದ, ಹಾಡು ಜೋರಾದ್ರ ಜೋರಾಗ್ತದ, ತೆಗಿಯೂ ಮುಂದನಽ ನನಗ ಚಮತ್ಕಾರ ಅನಿಸಿತ್ತು, ಚೀಟಿಯಾಗ ಗೆರಿ ಎಳೆದು ಬರದೀರಿ ಅಂತ ತೆಗೆದ್ನಿ, ಬಳಿ ಬಂದ ಕಡೆಯಿಂದನಽ ಬರ್ತದ, ಎಡಕ್ಕ, ಆದ್ರ ಕೆಳಗಿಂದ, ನೆಲದ ಹತ್ರದಿಂದ, ಕಬ್ಬಿಣಕ್ಕ ಸಣ್ಣದೇನೋ ಬಡದಂಗ. ನೀವಽ ಕೇಳ್ರಿ, ತೆಗೆದದ್ದಷ್ಟಽ ಕಳಸ್ತೀನಿ, ಹಾಡು ಇರಂಗಿಲ್ಲ ಅದರಾಗ.

ಫೈಲು ಬಂತು. ಹೆಡ್‌ಫೋನ್ ಹಾಕಿಕೊಂಡೆ, ಬಾಗಿಲಿಗೆ ಚಿಲಕ ಹಾಕಿದೆ, ಗಾಜಿನಾಚೆ ಒಬ್ಬ ಗಿರಾಕಿ ಬಂದು ಒಳಗೆ ಇಣುಕಿ ಹೋದ. ಹಾಡಿಲ್ಲ, ಸ್ಯಾಕ್ಸಫೋನ್ ಇಲ್ಲ, ಖಾಲಿ, ಖಾಲಿಯೊಳಗೆ ಮೊದಲು ಬಳೆ, ತೊಡೆಯ ಮೇಲೆ ಮೆಲ್ಲಗೆ, ಆಮೇಲೆ ಚಪ್ಪಾಳೆಗೆ ಝಣ ಝಣ, ಅಯ್ಯೋ ಎಷ್ಟು ಹತ್ತಿರ, ಕತ್ತು ತಿರುಗಿಸಿದರೆ ಕೂತಿರಬೇಕು ಅನ್ನುವಷ್ಟು ಹತ್ತಿರ, ಹೊತ್ತಿಲ್ಲ, ಮೊದಲನೇ ಬದಿಯನ್ನು ಅಲ್ಲಲ್ಲಿ ಹಾರಿಸಿ ಮುಗಿಸಿದೆ, ಎರಡನೆಯದು, ನಿಶ್ಶಬ್ದ, ನಾನು ಮಾಡಿದ ನಿಶ್ಶಬ್ದ, ತುಸು ಹೊತ್ತು ಏನೂ ಇಲ್ಲ, ಒಂದು ಪೂರ್ತಿ ಹಾಡಿನಷ್ಟು ಹೊತ್ತು ಏನೂ ಇಲ್ಲ, ಆಮೇಲೆ — ಟಿಕ್. ಮತ್ತೆ ಟಿಕ್. ಟಿಕ್, ಟಿಕ್, ಎರಡನೇ ಹಾಡು ಅದು, ಹಾಡು ಇಲ್ಲದಿದ್ದರೂ ನನಗೆ ಪ್ರತಿ ಸ್ವರ ಬಾಯಿಪಾಠ, ಒಳಗೆ ಹಾಡಿಕೊಂಡೆ, ನಾಲ್ಕರ ತಾಳ, ಟಿಕ್ ಎರಡನೇ ಪೆಟ್ಟಿಗೂ ನಾಲ್ಕನೇ ಪೆಟ್ಟಿಗೂ ಸರಿಯಾಗಿ ಬೀಳುತ್ತದೆ, ನಿಧಾನದ ಹಾಡಿನಲ್ಲಿ ನಿಧಾನ, ಡ್ರಮ್ಮರ್ ಒಬ್ಬನೇ ಬಾರಿಸುವ ಕಡೆ ಮೊದಲು ದಾರಿ ತಪ್ಪಿ, ತಡವರಿಸಿ, ಮತ್ತೆ ಹಿಡಿದು, ಅವನ ಬೆನ್ನು ಬಿದ್ದು ಓಡುತ್ತದೆ, ಕಾಲುಂಗುರ, ಬರಿಗಾಲು, ಚಪ್ಪಲಿ ಕಳಚಿದ ಬರಿಗಾಲಿನ ಕಾಲುಂಗುರ ಕುರ್ಚಿಯ ಕಬ್ಬಿಣದ ಕಾಲಿಗೆ, ಕೈ ಎರಡೂ ಅಲ್ಲೇ ಸಿಕ್ಕಿಬಿದ್ದಾಗ ತಾಳ ಕಾಲಿಗೆ ಇಳೀತದ ನೋಡ್ರಿ — ನಲವತ್ತು ನಿಮಿಷ ಸಿಟ್ಟಿನಲ್ಲಿ ಕೂತಿದ್ದಳು ಅಂದುಕೊಂಡೆ, ಮೂವತ್ತೊಂಬತ್ತು ವರ್ಷ ಅಂದುಕೊಂಡೆ, ನನ್ನ ರೆಕಾರ್ಡಿಂಗ್ ಕೆಡಬಾರದು ಅಂತ ಕೈ ಹಿಡಿದುಕೊಂಡವಳು ಹಾಡನ್ನು ಬಿಟ್ಟುಕೊಟ್ಟಿರಲಿಲ್ಲ, ನನ್ನ ಪಕ್ಕದಲ್ಲೇ ಕೂತು, ಒಳಗಿನದನ್ನೂ ಕೂಡಿಸಿಕೊಂಡು, ಕೇಳಿದಳು, ಕುಣಿದಳು, ನಾನು ಅದನ್ನು ಮೂರು ಸಲ ರಿಪೇರಿಗೆ ಒಯ್ದೆ. ದತ್ತು, ಮಶೀನು ಠೀಕಾಗೇ ಇತ್ತಪ್ಪ. ಕೊನೆಯ ಹಾಡು ಮುಗಿಯಿತು, ಸಭೆಯೆಲ್ಲ ಎದ್ದು ಚಪ್ಪಾಳೆ ಹೊಡೆಯುತ್ತಿರಬೇಕು, ಇಲ್ಲಿ ಅದು ಇಲ್ಲ, ಖಾಲಿ, ಖಾಲಿಯೊಳಗೆ ಒಂದೇ ಒಂದು ಕಾಲು, ಟಿಕ್ಕಟಿಕ್ಕಟಿಕ್ಕ, ಚಪ್ಪಾಳೆಯಷ್ಟು ಜೋರಾಗಿ, ಎದ್ದು ನಿಲ್ಲುವವರೆಗೆ.

ಮೂರಕ್ಕೆ ಐದು ನಿಮಿಷ, ಸಪ್ನಾಳಿಗೆ ಫೋನು ಹಚ್ಚಿದೆ, ಏನೂ ತೆಗೀಬ್ಯಾಡವಾ, ಅಂದೆ, ಫ್ಯಾನೂ ಇರಲಿ, ಇದ್ದಂಗ ಮುಂಬೈಗೆ ಕಳಸು, ಹೂಂ ರೀ ದೊಡ್ಡಪ್ಪ ಅಂದಳು, ಅಳುತ್ತಿದ್ದಳು, ಇಟ್ಟೆ. ಇನ್ನೊಂದು ಬಸ್ಸು ಬಂದು ನಿಂತಿತು, ಜಾಝ್ ಕಪಾಟು ಕಪ್ಪಾಯಿತು, ಬೆಳಕಾಯಿತು, ಆ ಸಂಜೆ ಒಮ್ಮೆ ಕತ್ತು ಬಗ್ಗಿಸಿದ್ದರೆ, ಚೀಲದಿಂದ ಕಣ್ಣು ತೆಗೆದು ಒಮ್ಮೆ, ನೋಡಿದೆನಲ್ಲ, ಪದೇ ಪದೇ ನೋಡಿದೆ, ಬಳೆ ಅಲುಗುತ್ತದೋ ಅಂತ ಕೈಯನ್ನೇ ನೋಡಿದೆ, ಎಡಗೈ ಬಲಗೈಯ ಬಳೆಗಳನ್ನು ಬಿಗಿಯಾಗಿ ಹಿಡಿದಿದೆ, ಬೆರಳ ಸಂದಿಯಲ್ಲಿ ಹಸಿರು, ಅದರ ಕೆಳಗೆ ಸೀರೆಯ ಅಂಚು, ಅಂಚಿನ ಕೆಳಗೆ — ನಾನು ಕೈಯನ್ನೇ ನೋಡಿದೆ, ಎಡಗೈ ಬಲಗೈಯನ್ನು ಹಿಡಿದಿದೆ, ಬೆರಳ ಸಂದಿಯಲ್ಲಿ ಹಸಿರು